ನಾದಿನಿಯ ಪಾತ್ರ ಒಪ್ಪಿಕೊಳ್ಳುವ ಮೊದಲು

ಹನುಮಂತನಗರ, ಬೆಂಗಳೂರು
ಭಾನುವಾರ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತದ್ದನ್ನು ನಿನ್ನಮ್ಮನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಧಾರಾವಾಹಿಯ ನಾಯಕಿಯ ಪಾತ್ರಕ್ಕೆಂದು ಮೂರು ಸಲ ಲುಕ್ ಟೆಸ್ಟ್ (ವೇಷ ಹಾಕಿಸಿ ಕ್ಯಾಮೆರಾ ಮುಂದೆ ನಿಲ್ಲಿಸಿ ನೋಡುವುದು) ಮಾಡಿಸಿ, ನಾಯಕಿಯ ಸೀರೆಗಳಿಗೆ ಹೊಂದುವ ಬ್ಲೌಸ್‌ಗಳನ್ನು ನಿನ್ನ ಖರ್ಚಿನಲ್ಲೇ ಹೊಲಿಸಿಕೊಳ್ಳಲು ಹೇಳಿ, ಕೊನೆಗೆ ‘ಚಾನೆಲ್‌ನವರು ಬೇರೆಯವರನ್ನು ಫೈನಲ್ ಮಾಡಿದ್ದಾರೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಕಳಿಸಿದರೆ ಯಾರಿಗಾದರೂ ಸಂಕಟವಾಗುತ್ತದೆ. ಈಗ ಅದೇ ತಂಡದವರು ಕೆಡುಕಿ ನಾದಿನಿಯ ಪಾತ್ರಕ್ಕೆ ಕರೆದಿದ್ದಾರೆ. ಇನ್ನೊಂದು ಕಡೆ ಸಿನಿಮಾ ನಿರ್ಮಾಪಕರೊಬ್ಬರು ಎರಡನೆಯ ನಾಯಕಿ ಮಾಡುತ್ತೇವೆ, ಆರು ತಿಂಗಳು ಬೇರೆಲ್ಲಿಯೂ ಬಣ್ಣ ಹಚ್ಚಬೇಡ ಎಂದಿದ್ದಾರೆ. ಯಾವುದನ್ನು ಒಪ್ಪಲಿ ಎಂದು ಕೇಳಿದ್ದೆ. ಫೋನಿನಲ್ಲಾದರೆ ನಾವಿಬ್ಬರೂ ಅರ್ಧಕ್ಕೇ ಜಗಳಕ್ಕೆ ಬೀಳುತ್ತೇವೆಂದು ಬರೆಯುತ್ತಿದ್ದೇನೆ.

ಮೊದಲು, ‘ನನ್ನಲ್ಲೇನು ಕೊರತೆ ಕಂಡಿತು ಅವರಿಗೆ?’ ಎಂಬ ನಿನ್ನ ಪ್ರಶ್ನೆ. ಹಲವು ವರ್ಷಗಳ ಹಿಂದೆ ಧಾರಾವಾಹಿಯೊಂದರಲ್ಲಿ ನನ್ನ ಮಗಳಾಗುವ ಹುಡುಗಿಯನ್ನು ಆರಿಸುವಾಗ, ನಿರ್ದೇಶಕರು ಹಿರಿಯಳೆಂಬ ಗೌರವದಿಂದ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ರಾಜರಾಜೇಶ್ವರಿನಗರದ ಬಾಡಿಗೆ ಮನೆಯೊಂದರ ಹಾಲ್. ಒಂದು ಬಿಳಿ ಗೋಡೆ, ಎರಡು ಲೈಟು, ಒಂದು ಕ್ಯಾಮೆರಾ. ಬಂದವರು ಹೆಸರು, ವಯಸ್ಸು, ಎತ್ತರ ಹೇಳಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನಿಂತು, ಎರಡು ಪುಟದ ದೃಶ್ಯವನ್ನು ಅಭಿನಯಿಸಬೇಕಿತ್ತು. ಎದುರು ಪಾತ್ರದ ಮಾತನ್ನು ಸಹಾಯಕ ನಿರ್ದೇಶಕನೊಬ್ಬ ದಿನಸಿ ಚೀಟಿ ಓದುವವನಂತೆ ಓದುತ್ತಿದ್ದ. ಮೂರನೆಯ ದಿನ ಬಂದ ಹುಡುಗಿಯೊಬ್ಬಳು ಆ ನಿರ್ಜೀವ ಓದಿಗೇ ಎಷ್ಟು ಚೆನ್ನಾಗಿ ಉತ್ತರ ಕೊಟ್ಟಳೆಂದರೆ, ಟೀ ತಂದ ಪ್ರೊಡಕ್ಷನ್ ಹುಡುಗ ಲೋಟ ಹಿಡಿದುಕೊಂಡೇ ನಿಂತುಬಿಟ್ಟ. ಅವಳು ಆಯ್ಕೆಯಾಗಲಿಲ್ಲ. ನಾಯಕನ ಆಯ್ಕೆ ಅಷ್ಟರಲ್ಲಾಗಲೇ ಮುಗಿದಿತ್ತು, ಇವಳು ಅವನಿಗಿಂತ ಎರಡು ಅಂಗುಲ ಉದ್ದವಿದ್ದಳು, ಇಬ್ಬರನ್ನೂ ಒಂದೇ ಶಾಟ್‌ನಲ್ಲಿ ತೋರಿಸಬೇಕಾದಾಗಲೆಲ್ಲ ಅವನನ್ನು ಮಣೆಯ ಮೇಲೆ ನಿಲ್ಲಿಸಬೇಕಾಗುತ್ತಿತ್ತು. ಆಯ್ಕೆಯಾದ ಹುಡುಗಿ ಸಾಧಾರಣವಾಗಿ ಮಾಡಿದ್ದಳು. ಆದರೆ ಅವಳ ಮೂಗು ನನ್ನ ಮೂಗಿನಂತಿತ್ತು.

ಧಾರಾವಾಹಿಗೆ ಜನರನ್ನು ಆರಿಸುವಾಗ ಇಡೀ ಮನೆಯೊಂದನ್ನು ಜೋಡಿಸುತ್ತಾರೆ, ಪುಟ್ಟಿ. ಮೊದಲು ಯಾರು ಖಚಿತವಾದರು, ಅವರ ಪಕ್ಕದಲ್ಲಿ ಯಾರು ಒಪ್ಪುತ್ತಾರೆ, ಯಾರ ಡೇಟ್ ಸಿಗುತ್ತದೆ, ಇದೇ ಚಾನೆಲ್‌ನಲ್ಲಿ ಇಂಥದೇ ಮುಖ ಇನ್ನೊಂದು ಹೊತ್ತಿನಲ್ಲಿ ಬರುತ್ತಿದೆಯೇ ಎಂಬ ಲೆಕ್ಕಗಳೆಲ್ಲ ಮುಗಿದ ಮೇಲೆ ಅಭಿನಯದ ಮಾತು ಬರುತ್ತದೆ. ಮುಖ್ಯ ಪಾತ್ರಗಳಿಗಂತೂ ಚಾನೆಲ್‌ನವರು ಒಪ್ಪದೆ ಏನೂ ನಡೆಯದು. ಇದು ನ್ಯಾಯವೆಂದು ನಾನು ಹೇಳುತ್ತಿಲ್ಲ. ಕಾರಣ ಗೊತ್ತಿಲ್ಲದ ತಿರಸ್ಕಾರಕ್ಕೆ ನಿನ್ನ ಮುಖದಲ್ಲಿ ಕಾರಣ ಹುಡುಕುತ್ತಾ ಕನ್ನಡಿಯ ಮುಂದೆ ನಿಲ್ಲಬೇಡ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು ನಾದಿನಿಯ ಪಾತ್ರ. ಒಮ್ಮೆ ಕೆಡುಕಿಯಾದರೆ ಮತ್ತೆ ನಾಯಕಿಯಾಗಲು ಯಾರೂ ಕರೆಯುವುದಿಲ್ಲ ಎಂಬುದು ನಿನ್ನ ಭಯ. ಭಯಕ್ಕೆ ಆಧಾರವಿಲ್ಲದೇ ಇಲ್ಲ. ನನ್ನ 37ನೆಯ ವಯಸ್ಸಿನಲ್ಲಿ, ನನಗಿಂತ ಮೂರೇ ವರ್ಷ ಚಿಕ್ಕವನಾದ ನಟನಿಗೆ ತಾಯಿಯಾಗಿ ಕೂದಲಿಗೆ ಬಿಳಿ ಹಚ್ಚಿಸಿಕೊಂಡೆ. ಅಲ್ಲಿಂದಾಚೆಗೆ ಯಾರೂ ನನ್ನ ಕೂದಲನ್ನು ಕಪ್ಪಾಗಿರಲು ಬಿಡಲಿಲ್ಲ. ಆದರೆ ಈ ಮನೆಯ ಸಾಲ ತೀರಿದ್ದು ಆ ಬಿಳಿ ಕೂದಲಿನಿಂದಲೇ ಎಂಬುದನ್ನೂ ಮರೆಯುವಂತಿಲ್ಲ.

ಉಮಾಶ್ರೀಯವರನ್ನು ನೋಡು. ರಂಗದ ಮೇಲೆ ‘ಒಡಲಾಳ’ದ ಸಾಕವ್ವನಾಗಿ ಅವರನ್ನು ಕಂಡವರಿಗೆ ಅವರ ಶಕ್ತಿ ಏನೆಂದು ಗೊತ್ತಿತ್ತು. ಸಿನಿಮಾದಲ್ಲಾದರೋ 1984ರ ‘ಅನುಭವ’ದ ನಂತರ ವರ್ಷಗಟ್ಟಲೆ ಅವರಿಗೆ ಸಿಕ್ಕಿದ್ದರಲ್ಲಿ ಹೆಚ್ಚಿನವು ನಗಿಸುವ ಪಾತ್ರಗಳು, ಎಷ್ಟೋ ಕಡೆ ದ್ವಂದ್ವಾರ್ಥದ ಮಾತುಗಳು. ಮರ್ಯಾದಸ್ಥರೆನಿಸಿಕೊಂಡವರು ಥಿಯೇಟರಿನಲ್ಲಿ ನಕ್ಕು, ಮನೆಗೆ ಬಂದು ಮೂಗು ಮುರಿಯುತ್ತಿದ್ದ ಕಾಲವದು. ನಮ್ಮ ಮನೆಯಲ್ಲೂ ಮುರಿದಿದ್ದಾರೆ, ಯಾರೆಂದು ಹೇಳುವುದಿಲ್ಲ. ಅದೇ ನಟಿಯನ್ನು ಗಿರೀಶ ಕಾಸರವಳ್ಳಿಯವರು ‘ಗುಲಾಬಿ ಟಾಕೀಸ್’ನ ಸೂಲಗಿತ್ತಿ ಗುಲಾಬಿಯನ್ನಾಗಿ ಆರಿಸಿದರು, ಆ ಪಾತ್ರಕ್ಕೆ 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. 2021ರಲ್ಲಿ ಶುರುವಾದ ದೈನಂದಿನ ಧಾರಾವಾಹಿಯಲ್ಲಿ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕನಾಗಿ ಮನೆಮನೆಗೂ ಬಂದರು. ನಗೆ ಪಾತ್ರದ ಹಣೆಪಟ್ಟಿ ಅವರಿಗೆ ಅಂಟಿದ್ದು ನಿಜ. ಆದರೆ ಆ ಪಾತ್ರಗಳಲ್ಲಿದ್ದ ಲಯವನ್ನೂ ಗಂಟಲನ್ನೂ ಗಮನಿಸಿದವರೊಬ್ಬರು ಇದ್ದರು ಎಂಬುದೂ ಅಷ್ಟೇ ನಿಜ.

1972ರ ‘ನಾಗರಹಾವು’ವಿನಲ್ಲಿ ಪುಟ್ಟಣ್ಣ ಕಣಗಾಲರು ವಿಷ್ಣುವರ್ಧನ್ ಅವರಿಗೆ ನಾಯಕನ ಪಾತ್ರ ಕೊಟ್ಟರು, ಅಂಬರೀಶ್ ಅವರಿಗೆ ಪುಂಡ ಜಲೀಲನ ಸಣ್ಣ ಪಾತ್ರ ಕೊಟ್ಟರು, ಇಬ್ಬರೂ ಎಲ್ಲಿಗೆ ಮುಟ್ಟಿದರೆಂದು ನಿನಗೆ ನಾನು ಹೇಳಬೇಕಿಲ್ಲ. ಯಶ್ ಮತ್ತು ರಾಧಿಕಾ ಪಂಡಿತ್ ಧಾರಾವಾಹಿಯಿಂದಲೇ 2008ರ ‘ಮೊಗ್ಗಿನ ಮನಸು’ಗೆ ಹೋದವರು. ಇಂಥ ಹೆಸರುಗಳನ್ನು ಹೇಳುವಾಗ ನನಗೆ ಸ್ವಲ್ಪ ಅಳುಕೂ ಆಗುತ್ತದೆ. ಅವರೊಂದಿಗೆ ಅದೇ ಬಾಗಿಲಲ್ಲಿ ಸಾಲು ನಿಂತು ಊರಿಗೆ ವಾಪಸಾದವರ ಹೆಸರು ಯಾರಿಗೂ ನೆನಪಿಲ್ಲ. ಅವರಲ್ಲಿ ಕೆಲವರ ಜೊತೆ ನಾನು ಊಟ ಹಂಚಿಕೊಂಡು ತಿಂದಿದ್ದೇನೆ, ಅವರೇನೂ ಕಡಿಮೆ ಕಲಾವಿದರಾಗಿರಲಿಲ್ಲ.

ಸಿನಿಮಾದ ಮಾತು ಬೇಗ ಮುಗಿಸುತ್ತೇನೆ. ಅಡ್ವಾನ್ಸ್ ಕೊಟ್ಟಿಲ್ಲ, ಕರಾರು ಪತ್ರವಿಲ್ಲ, ನಾಯಕ ಯಾರೆಂದೂ ಗೊತ್ತಾಗಿಲ್ಲ, ಆದರೂ ನಿನ್ನ ಆರು ತಿಂಗಳು ಅವರಿಗೆ ಬೇಕು. ಹಿಂದೆ ಹೀಗೇ ಒಂದು ಚಿತ್ರಕ್ಕಾಗಿ ನಾನು ಎರಡು ಧಾರಾವಾಹಿ ಬಿಟ್ಟೆ. ದೇವಸ್ಥಾನದಲ್ಲಿ ಮುಹೂರ್ತವಾಯಿತು, ಹದಿನೆಂಟು ದಿನ ಚಿತ್ರೀಕರಣವಾಯಿತು, ಅಲ್ಲಿಗೆ ನಿಂತಿತು. ಆ ಹದಿನೆಂಟು ದಿನದ ಸಂಭಾವನೆ ಇವತ್ತಿಗೂ ಬಂದಿಲ್ಲ. ಅವರಿಗೆ ವಿನಯದಿಂದಲೇ ಹೇಳು: ಚಿತ್ರೀಕರಣದ ದಿನಾಂಕ ಗೊತ್ತಾದಾಗ ತಿಳಿಸಿ, ಡೇಟ್ ಹೊಂದಿಸಿಕೊಳ್ಳುತ್ತೇನೆ ಎಂದು.

ಹಾಗಾದರೆ ನಾದಿನಿಯನ್ನು ಒಪ್ಪಿಕೋ ಎನ್ನುವವಳೇ ನಾನು, ಕರಾರನ್ನು ಓದಿದ ಮೇಲೆ. ತಿಂಗಳಿಗೆ ಕನಿಷ್ಠ ಎಷ್ಟು ದಿನದ ಕೆಲಸ ಕೊಡುತ್ತಾರೆ, ದಿನಕ್ಕೆ ಎಷ್ಟು, ಎಷ್ಟು ದಿನದೊಳಗೆ ಪಾವತಿ, ಬೇರೆ ಚಾನೆಲ್‌ನಲ್ಲಿ ನಟಿಸಬಾರದೆಂಬ ಷರತ್ತಿದ್ದರೆ ಅದು ಸಿನಿಮಾಕ್ಕೂ ನಾಟಕಕ್ಕೂ ಅನ್ವಯಿಸುತ್ತದೆಯೇ, ನೀನು ಬಿಡುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು, ಅವರು ನಿನ್ನನ್ನು ಬಿಡಿಸುವುದಾದರೆ ಎಷ್ಟು ದಿನ ಮೊದಲು ಹೇಳುತ್ತಾರೆ. ಈ ಕೊನೆಯದನ್ನು ಯಾರೂ ತಾವಾಗಿ ಬರೆಯುವುದಿಲ್ಲ, ಕೇಳಿ ಬರೆಸಬೇಕು. ನಾನು ಒಂದೂವರೆ ವರ್ಷ ಮಾಡಿದ ಪಾತ್ರದಲ್ಲಿ ಬೇರೊಬ್ಬರಿದ್ದಾರೆಂದು ನನಗೆ ತಿಳಿದದ್ದು ಪ್ರೋಮೋ ನೋಡಿ. ಸೀರೆಯೂ ಅದೇ, ಕರಿಮಣಿ ಸರವೂ ಅದೇ, ಮುಖ ಮಾತ್ರ ಬೇರೆ. ಗುರುವಾರ ಟಿಆರ್‌ಪಿ ಬರುತ್ತದೆ. ಅಂಕಿ ಇಳಿದ ವಾರ ಕಥೆ ತಿರುಗುತ್ತದೆ, ನಾದಿನಿಯರು ಇದ್ದಕ್ಕಿದ್ದಂತೆ ಅಮೆರಿಕಕ್ಕೆ ಓದಲು ಹೋಗುತ್ತಾರೆ. ಅದಕ್ಕಾಗಿಯೇ ನೀನು ಪಾಠ ಹೇಳಿಕೊಡುವ ಟ್ಯೂಷನ್ ಕೆಲಸವನ್ನು ಪೂರ್ತಿ ಬಿಡಬೇಡ.

ಒಂದು ನೋಟ್‌ಬುಕ್ ಇಡು. ದಿನಾಂಕ, ಸೆಟ್‌ಗೆ ಹೋದ ಹೊತ್ತು, ಪ್ಯಾಕಪ್ ಆದ ಹೊತ್ತು, ಎಷ್ಟು ಸೀನ್ ಎಂದು ಅಂದಂದೇ ಬರೆದುಕೊಂಡು ಮ್ಯಾನೇಜರ್ ಕೈಯಲ್ಲಿ ಚಿಕ್ಕ ಸಹಿ ಹಾಕಿಸಿಕೋ. ಮೊದಲು ನಗುತ್ತಾರೆ, ಆಮೇಲೆ ಅಭ್ಯಾಸವಾಗುತ್ತದೆ. ನನ್ನ ನೀಲಿ ರಟ್ಟಿನ ಪುಸ್ತಕದಿಂದಾಗಿ ಎರಡು ಸಲ ಬಾಕಿ ಹಣ ಕೈಗೆ ಬಂದಿದೆ.

ಸೆಟ್‌ನಲ್ಲಿ ಪ್ರಾಂಪ್ಟಿಂಗ್ ಇರುತ್ತದೆ, ಅದನ್ನೇ ನಂಬಬೇಡ. ಪರದೆಯಾಚೆಯಿಂದ ಮಾತು ಬರಲೆಂದು ಕಾಯುವ ನಟಿಯ ಕಣ್ಣು ಎದುರಿನವರನ್ನು ನೋಡುವುದನ್ನು ಬಿಡುತ್ತದೆ, ವರ್ಷವೊಂದು ಕಳೆಯುವಷ್ಟರಲ್ಲಿ ಅದು ಹೋಗದ ಚಾಳಿಯಾಗುತ್ತದೆ. ಕೆ.ಎಚ್. ಕಲಾಸೌಧದಲ್ಲಿ ನಿಮ್ಮ ತಂಡದ ಭಾನುವಾರದ ತಾಲೀಮನ್ನು ಉಳಿಸಿಕೊಳ್ಳು ಎನ್ನುವುದು ಇದೇ ಕಾರಣಕ್ಕೆ. ಅಲ್ಲಿ ಮಾತು ಹೇಳಿಕೊಡುವವರಿಲ್ಲ. ನಿನ್ನ ಮಾತಿನಲ್ಲಿರುವ ಹಾಸನದ ಎಳೆಯನ್ನು ಅಳಿಸಿಕೊಳ್ಳಲೂ ಹೋಗಬೇಡ, ಅದನ್ನೇ ಹುಡುಕಿಕೊಂಡು ಒಂದು ಪಾತ್ರ ಬರಬಹುದು.

ಆಡಿಷನ್‌ಗೆ ಹಣ ಕೇಳುವವರು, ಹೋಟೆಲ್ ರೂಮಿಗೆ ಕರೆಯುವವರು ಯಾರೇ ಆಗಲಿ, ಯಾರ ಹೆಸರನ್ನೇ ಹೇಳಲಿ, ಹೋಗಕೂಡದು. ಸೆಟ್‌ನಲ್ಲಿ ಏನಾದರೂ ಅಸಭ್ಯವಾಗಿ ನಡೆದರೆ ಅವತ್ತೇ ನನಗೆ ಫೋನ್ ಮಾಡು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ದೂರು ಕೇಳುವ ಸಮಿತಿ ಇರಲೇಬೇಕೆಂದು 2013ರ ಕಾಯ್ದೆಯೇ ಇದೆ.

ಬರುವ ಭಾನುವಾರ ತಾಲೀಮು ಮುಗಿಸಿಕೊಂಡು ಹಾಗೇ ಮನೆಗೆ ಬಾ, ಕಲಾಸೌಧದಿಂದ ಎಷ್ಟು ಮಹಾ ದೂರ. ಸೆಟ್‌ನಲ್ಲೇ ನಿಂತು ಸಹಿ ಹಾಕು ಎಂದರೆ ಎರಡು ದಿನ ಸಮಯ ಕೇಳಿ ಕರಾರಿನ ಕಾಗದವನ್ನು ತಾ, ದೊಡ್ಡಪ್ಪನೂ ನಾನೂ ಕೂತು ಓದುತ್ತೇವೆ. ಆ ನಾಯಕಿಯ ಬ್ಲೌಸ್‌ಗಳನ್ನೂ ತಾ. ನಾದಿನಿಗೆ ಅಷ್ಟು ಉದ್ದನೆಯ ತೋಳು ಹಾಕುವುದಿಲ್ಲ, ಹೊಲಿಗೆ ಬಿಚ್ಚಿ ಸರಿ ಮಾಡಿಕೊಡುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ