ಕಂಕನಾಡಿಯಲ್ಲಿ ಸಿಕ್ಕ ಆ ಅಕ್ಕನಿಗೆ

ಕಂಕನಾಡಿಯ ಪೆಟ್ ಅಂಗಡಿಯಲ್ಲಿ ಮುಂಗುಸಿಯಂಥ ಉದ್ದ ಮೈಯ ನನ್ನ ಸಾಕುಪ್ರಾಣಿ, ಫೆರೆಟ್ ಚಿನ್ನುವನ್ನು ನೋಡಿ ಮಾತಾಡಿಸಿದ ಅಕ್ಕಾ, ನಿಮಗೆ ತುಂಬಾ ಥ್ಯಾಂಕ್ಸ್. ಗಡಿಬಿಡಿಯಲ್ಲಿ ಹೆಸರು ಕೇಳಲೇ ಇಲ್ಲ. ಅವಳು ಹೀಟ್‌ಗೆ (ಬೆದೆಗೆ) ಬಂದು ಮೂರು ವಾರ ಆಗಿತ್ತು, ನಾಯಿಗಳ ಹಾಗೆ ತಾನಾಗಿ ಇಳಿಯುತ್ತದೆ ಅಂತ ನಾನು ಸುಮ್ನೆ ಕಾಯುತ್ತಿದ್ದೆ. ನೀವು ಅವಳ ತುಟಿ ಮೆಲ್ಲ ಎತ್ತಿ, ಮೊಬೈಲ್ ಟಾರ್ಚ್ ಹಾಕಿ, ವಸಡು ಬಿಳಚಿಕೊಂಡಿದೆಯಾ ಅಂತ ನೋಡಿದಿರಿ. ಗಂಡಿನ ಜೊತೆ ಕೂಡದಿದ್ದರೆ ಹೆಣ್ಣು ಫೆರೆಟ್‌ನ ಹೀಟ್ ತಿಂಗಳುಗಟ್ಟಲೆ ನಿಲ್ಲದೆ, ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಜಾಸ್ತಿಯಾಗಿ, ಮೂಳೆಯ ಮಜ್ಜೆಯಲ್ಲಿ ರಕ್ತ ತಯಾರಾಗುವುದೇ ಕುಂದಿ ಜೀವಕ್ಕೇ ಅಪಾಯ ಅಂತ ಬಿಡಿಸಿ ಹೇಳಿದಿರಿ. ಅವತ್ತೇ ಡಾಕ್ಟರ ಹತ್ತಿರ ಓಡಿದೆ. ರಕ್ತ ಪರೀಕ್ಷೆ, ಹೀಟ್ ಇಳಿಸಲು ಎಚ್‌ಸಿಜಿ ಅನ್ನೋ ಹಾರ್ಮೋನ್ ಇಂಜೆಕ್ಷನ್, ಆಮೇಲೆ ಮರಿ ಆಗದಂತೆ ಮಾಡುವ ಸ್ಪೇ ಆಪರೇಷನ್. ಈಗ ಹೊಲಿಗೆ ಒಣಗಿದೆ. ಇದನ್ನು ಬರೆಯುವಾಗ ಚಿನ್ನು ನನ್ನ ಮಡಿಲಲ್ಲೇ ಸುರುಳಿ ಸುತ್ತಿ ಮಲಗಿದ್ದಾಳೆ, ಅಕ್ಕಾ.