ಕೆಡವುವ ಕಂಬಗಳಿಗೂ ನೆಲೆ ಸಿಗಲಿ

ವೇಲ್ಸ್‌ನ ಕಡಲತೀರದ ಪೋರ್ಟ್‌ಮೇರಿಯನ್ ಗ್ರಾಮದ ಕುರಿತ ಲೇಖನವು ಅಲ್ಲಿನ ಉದ್ಯಾನದ ಮಂಟಪ, ಕಂಬಸಾಲುಗಳನ್ನು ಬರೀ ಅಲಂಕಾರವೆಂಬಂತೆ ಬಣ್ಣಿಸಿದೆ. ಅವುಗಳ ಹಿಂದಿನ ಕಾಳಜಿಯನ್ನೂ ಹೇಳಬೇಕಿತ್ತು. ವಾಸ್ತುಶಿಲ್ಪಿ ಕ್ಲಫ್ ವಿಲಿಯಮ್ಸ್-ಎಲಿಸ್ 1925ರಿಂದ ಕಟ್ಟುತ್ತ ಹೋದ ಈ ಊರಿಗೆ ಎಷ್ಟೋ ಭಾಗಗಳು ಅಳಿವಿನಂಚಿನ ಕಟ್ಟಡಗಳಿಂದ ಬಂದವು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿದ್ದ 1760ರ ಸುಮಾರಿನ ಕಂಬಸಾಲು ಬಾಂಬ್ ದಾಳಿಗೆ ಜಖಂಗೊಂಡಿತ್ತು. ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು 1959ರ ಹೊತ್ತಿಗೆ ಇಲ್ಲಿ ಮರಳಿ ನಿಲ್ಲಿಸಿದರು. ಎಂಥ ಶ್ರದ್ಧೆ!

ಮಣಿಪಾಲದ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರೂ ಹಳೆಯ ಮನೆಗಳನ್ನು ಹೀಗೆಯೇ ಉಳಿಸಿದರು. ಆದರೆ ಈ ಕೆಲಸ ಒಬ್ಬೊಬ್ಬರ ಛಲವನ್ನೇ ನೆಚ್ಚಿಕೊಂಡಿರಬಾರದು. ಹಳೆಯ ಕಟ್ಟಡ ಕೆಡವಲು ಅನುಮತಿ ನೀಡುವ ಮುನ್ನ ಸ್ಥಳೀಯ ಸಂಸ್ಥೆಗಳು ಕೆತ್ತನೆಯ ಕಂಬ, ಬಾಗಿಲುಗಳನ್ನು ಗುರುತಿಸಿ, ಸಾರ್ವಜನಿಕ ಉದ್ಯಾನಗಳಲ್ಲಿ ಮರುಜೋಡಿಸುವ ವ್ಯವಸ್ಥೆ ಮಾಡಲಿ.

– ಓದುಗರೊಬ್ಬರು, ಉಡುಪಿ