ಮೋಶಿಗೆ ಹೊರಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳಿಂದ ಟಾಂಜಾನಿಯಾದ ಮೋಶಿಯಲ್ಲಿ ಅಲ್ಲಿನವರ ಮನೆಗಳಲ್ಲೇ ಉಳಿಯುವವರು ದಯವಿಟ್ಟು ಪೂರ್ತಿ ಓದಿ.

ಹಿರಿಯರು ಎದುರಾದರೆ ಮೊದಲು ನೀವೇ ‘ಶಿಕಾಮೂ’ (ಸ್ವಾಹಿಲಿಯಲ್ಲಿ ಹಿರಿಯರಿಗೆ ಹೇಳುವ ನಮಸ್ಕಾರ) ಅನ್ನಿ, ಅದಕ್ಕೆ ಉತ್ತರವಾಗಿ ಅವರು ‘ಮರಹಬಾ’ ಅನ್ನುತ್ತಾರೆ. ಬೆಳಿಗ್ಗೆ ಇದನ್ನು ಹೇಳದೆ ನೇರ ಚಹಾಕ್ಕೆ ಕೂರಬೇಡಿ. ಊಟಕ್ಕೆ ಮುಂಚೆ ಮನೆಯವರು ಕೈಗೆ ನೀರು ಹಾಕಬಹುದು, ಸಂಕೋಚ ಬೇಡ. ಉಗಾಲಿ ನಮ್ಮ ಮುದ್ದೆಯ ಹಾಗೇ, ಆದರೆ ಮೆಕ್ಕೆಜೋಳದ ಹಿಟ್ಟಿನದು. ಬಲಗೈಯಲ್ಲಿ ಮುರಿದು ಪಲ್ಯದ ಜೊತೆ ತಿನ್ನಿ. ಮಾಂಸ ತಿನ್ನದವರು ಈಗಲೇ ತಿಳಿಸಿ. ಪ್ರೀತಿಯಿಂದ ಬಡಿಸಿದ ಮೇಲೆ ಬೇಡ ಅಂದರೆ ಅವರಿಗೆ ಬೇಸರವಾಗುತ್ತದೆ.

ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಒಯ್ಯಬೇಡಿ, 2019ರಿಂದ ಅಲ್ಲಿ ನಿಷೇಧ. ಚಪ್ಪಟೆ ಮೂರು ಪಿನ್ನಿನ ಅಡಾಪ್ಟರ್ ಇರಲಿ. ಮಲೇರಿಯಾ ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳಿ.

ನಿಮ್ಮ ಊಟದ ಪಥ್ಯ, ತಲುಪುವ ಸಮಯ ಎರಡನ್ನೂ ಭಾನುವಾರದೊಳಗೆ ಇಲ್ಲೇ ಬರೆಯಿರಿ.